ನಲವತ್ತೆಂಟರ ರಾವಣ: ಮಂಡಿಕಲ್ ಸೀಮೆಯಿಂದ ಒಂದು ಟಿಪ್ಪಣಿ

ರಮಾನಂದ ಸಾಗರ್ ಅವರ ‘ರಾಮಾಯಣ’ ದೂರದರ್ಶನದಲ್ಲಿ ಶುರುವಾದದ್ದು 1987ರ ಜನವರಿ 25ರಂದು, ಮುಗಿದದ್ದು 1988ರ ಜುಲೈ 31ರಂದು. ನಡುವೆ ಎಪ್ಪತ್ತೆಂಟು ಕಂತುಗಳು, ಭಾನುವಾರ ಬೆಳಿಗ್ಗೆ. ಧಾರಾವಾಹಿ ಆರಂಭವಾದಾಗ ರಾವಣನ ಪಾತ್ರಧಾರಿ ಅರವಿಂದ ತ್ರಿವೇದಿಯವರಿಗೆ ನಲವತ್ತೆಂಟು ವರ್ಷ. ಇಂದೋರಿನಲ್ಲಿ 1938ರ ನವೆಂಬರ್ 8ರಂದು ಹುಟ್ಟಿದ ಈ ನಟ ಬೆಳೆದದ್ದು ಗುಜರಾತಿ ರಂಗಭೂಮಿಯಲ್ಲಿ. ಗುಜರಾತಿ ಸಿನಿಮಾಗಳಲ್ಲೂ ಪಳಗಿದ್ದರು. ಆದರೂ ಗುಜರಾತಿನ ಆಚೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ದೇಶದ ಮೂಲೆಮೂಲೆಯಲ್ಲೂ ಆ ಮುಖ ಗೊತ್ತಾಗಿತ್ತು. ಹೆಸರು ಮಾತ್ರ ಆಗಲೂ ಗೊತ್ತಾಗಲಿಲ್ಲ, ಏಕೆಂದರೆ ಜನ ಅವರನ್ನು ರಾವಣ ಎಂದೇ ಕರೆದರು, ಲಂಕೇಶ ಎಂದೇ ಕರೆದರು.

ಇಷ್ಟು ತಡವಾಗಿ, ಅದೂ ಕೇಡಿನ ಪಾತ್ರದಿಂದ, ರಂಗನಟನೊಬ್ಬನಿಗೆ ಕಿರುತೆರೆಯ ಕೀರ್ತಿ ಬಂದದ್ದನ್ನು ಅದೃಷ್ಟದ ಕತೆಯಾಗಿ ಹೇಳುವುದು ವಾಡಿಕೆ. ಈ ಟಿಪ್ಪಣಿಯ ವಾದ ಬೇರೆ. ಹೊಸ ಮಾಧ್ಯಮವೊಂದು ಪುರಾಣಕ್ಕೆ ಕೈ ಹಾಕಿದಾಗ ಅದರ ಮೊದಲ ರಾವಣ ರಂಗಭೂಮಿಯಿಂದ ಬರುವುದು ಇದೇ ಮೊದಲಲ್ಲ. ಅದಕ್ಕೆ ಕನ್ನಡದಲ್ಲೇ ಹಳೆಯ ನಿದರ್ಶನವಿದೆ. ತ್ರಿವೇದಿಯವರ ರಾವಣ ಹಿಂದಿ ಬಾರದ ಸೀಮೆಗಳಲ್ಲೂ ಅಷ್ಟು ಬೇಗ ಒಗ್ಗಿದ್ದಕ್ಕೆ ಕಾರಣವನ್ನು ಅಲ್ಲಿನ ರಾವಣರಲ್ಲೇ ಹುಡುಕಬೇಕು. ಅಂಥ ಸೀಮೆಗೆ ಒಂದು ಉದಾಹರಣೆಯಾಗಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯನ್ನೂ ಅದರ ಸುತ್ತಣ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನೂ ಎದುರಿಗಿಟ್ಟುಕೊಂಡಿದ್ದೇನೆ.

ಮೊದಲು ಆಯ್ಕೆಯ ಕತೆ. ತ್ರಿವೇದಿಯವರು ಸಂದರ್ಶನಗಳಲ್ಲಿ ಹೇಳಿಕೊಂಡಿರುವಂತೆ, ಅವರು ಸಾಗರ್ ಬಳಿ ಹೋದದ್ದು ರಾಮನನ್ನು ಗಂಗೆ ದಾಟಿಸುವ ಅಂಬಿಗ ಕೇವಟನ ಪಾತ್ರ ಕೇಳಿಕೊಂಡು. ಓದಲು ಕೊಟ್ಟ ಹಾಳೆ ಓದಿ ಹೊರಡುವಾಗ ಅವರ ನಡಿಗೆಯನ್ನೂ ಮೈಕಟ್ಟನ್ನೂ ಕಂಡು ಸಾಗರ್, ತನ್ನ ಲಂಕೇಶ ಸಿಕ್ಕಿದನೆಂದರಂತೆ. ಕತೆ ಸೊಗಸಾಗಿದೆ. ನಟರ ಜೀವನ ಚರಿತ್ರೆಗಳಲ್ಲಿ ಈ ಅಚ್ಚಿನ ಕತೆಗಳು ಬಹಳ. ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿ ಒಂದಿದೆ. 1985ರಲ್ಲಿ ಇದೇ ಸಾಗರ್ ದೂರದರ್ಶನಕ್ಕೆ ‘ವಿಕ್ರಮ್ ಔರ್ ಬೇತಾಳ್’ ಮಾಡಿದ್ದರು. ಅದರಲ್ಲಿ ವಿಕ್ರಮನಾಗಿದ್ದವರು ಅರುಣ್ ಗೋವಿಲ್. ಬೇತಾಳನನ್ನು ಹೊತ್ತು ತರಲು ರಾಜನನ್ನು ಸ್ಮಶಾನಕ್ಕೆ ಅಟ್ಟಿ, ಕೊನೆಗೆ ಅವನನ್ನೇ ಬಲಿ ಕೊಡಲು ಹೊಂಚುವ ಯೋಗಿಯಾಗಿದ್ದವರು ಅರವಿಂದ ತ್ರಿವೇದಿ. ರಾಮ-ರಾವಣರು ಲಂಕೆಗೆ ಮೊದಲೇ ಸ್ಮಶಾನದಲ್ಲಿ ಮುಖಾಮುಖಿಯಾಗಿದ್ದರು ಎಂದಾಯಿತು. ನಿರ್ದೇಶಕನಿಗೆ ಆ ದನಿ, ಆ ಹುಬ್ಬು, ಆ ನಿಲುವು ಎರಡು ವರ್ಷ ಮೊದಲೇ ಪರಿಚಿತ. ಕೇವಟನ ಕತೆ ಸುಳ್ಳೆಂದು ಇದರಿಂದ ಸಾಧಿಸಲಾಗದು. ಬಾಗಿಲಲ್ಲಿ ಕಂಡ ಅಪರಿಚಿತನಿಗೆ ಲಂಕೆ ಒಲಿಯಿತೆಂಬ ಅದರ ಬೆರಗು ಮಾತ್ರ ಅರ್ಧಕ್ಕೆ ಇಳಿಯುತ್ತದೆ.

ರಾವಣನ ಪಾತ್ರಕ್ಕೆ ಅಮರೀಶ್ ಪುರಿಯವರ ಹೆಸರೂ ಕೇಳಿಬಂದಿತ್ತೆಂದು ತಾರಾಗಣದವರೇ ಮುಂದೆ ಹೇಳಿದ್ದುಂಟು. ಅದು ಆಗಲಿಲ್ಲ, ಆದರೆ ಹೋಲಿಕೆಗೆ ಆ ಹೆಸರು ಒದಗುತ್ತದೆ. 1932ರಲ್ಲಿ ಹುಟ್ಟಿದ ಪುರಿ ನೌಕರರ ರಾಜ್ಯ ವಿಮಾ ನಿಗಮದಲ್ಲಿ ಎರಡು ದಶಕ ಗುಮಾಸ್ತಿಕೆ ಮಾಡುತ್ತಲೇ ಮುಂಬೈಯಲ್ಲಿ ಸತ್ಯದೇವ ದುಬೆಯವರ ನಾಟಕಗಳಲ್ಲಿ ದುಡಿದವರು. ಸಿನಿಮಾ ಅವರನ್ನು ಗಟ್ಟಿಯಾಗಿ ಹಿಡಿದದ್ದು ನಲವತ್ತು ದಾಟಿದ ಮೇಲೆ. ಅವರ ಆರಂಭದ ಚಿತ್ರಗಳಲ್ಲಿ ಒಂದು ಕನ್ನಡದ್ದು: ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು 1973ರಲ್ಲಿ ತೆಗೆದ ‘ಕಾಡು’. ಅದರಲ್ಲಿ ಅವರು ಚಂದ್ರೇಗೌಡ. ಎದುರಾಳಿ ಶಿವಗಂಗನ ಪಾತ್ರ ಲೋಕೇಶ್ ಅವರದು. ಆ ಲೋಕೇಶ್ ಅವರ ತಂದೆಯ ಹತ್ತಿರಕ್ಕೇ ನಾವೀಗ ಹೋಗಬೇಕು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಕಥಾನಾಯಕ ಇಂದ್ರಜಿತು, ನಾಯಕಿ ಅವನ ಹೆಂಡತಿ ಸುಲೋಚನೆ. ಎಂದರೆ ಕನ್ನಡದ ಮೊದಲ ಮಾತಿನ ಚಿತ್ರ ನಡೆಯುವುದೇ ಲಂಕೆಯ ಅಂತಃಪುರದಲ್ಲಿ. ಇಂದ್ರಜಿತುವಾಗಿದ್ದವರು ಲೋಕೇಶ್ ಅವರ ತಂದೆ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿದ್ದವರು ಆರ್. ನಾಗೇಂದ್ರರಾವ್. ಇಬ್ಬರೂ ಕಂಪನಿ ನಾಟಕದವರು. ಇವರಿಬ್ಬರೂ ಸೇರಿ ನಡೆಸಿದ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ದೊಡ್ಡ ಗೆಲುವು ‘ಭೂಕೈಲಾಸ’. ಆತ್ಮಲಿಂಗವನ್ನು ಗೆದ್ದು ಗೋಕರ್ಣದಲ್ಲಿ ಕಳೆದುಕೊಂಡ ರಾವಣನ ಕತೆ. ಎ.ವಿ. ಮೇಯಪ್ಪನ್ ಅದನ್ನು 1940ರಲ್ಲಿ ತೆಲುಗು ಚಿತ್ರವಾಗಿಸಿದಾಗ ರಾವಣನ ಪಾತ್ರಕ್ಕೆ ತೆಲುಗು ನಟನನ್ನು ಹುಡುಕಲಿಲ್ಲ. ಸುಬ್ಬಯ್ಯ ನಾಯ್ಡು ಅವರೇ ರಾವಣ, ನಾಗೇಂದ್ರರಾವ್ ಅವರೇ ನಾರದ. ಮತ್ತೆ 1958ರಲ್ಲಿ ಅದೇ ಕತೆ ಕನ್ನಡದಲ್ಲೂ ತೆಲುಗಿನಲ್ಲೂ ಒಟ್ಟಿಗೆ ಬಂತು. ಕನ್ನಡದ ರಾವಣ ರಾಜ್‌ಕುಮಾರ್, ತೆಲುಗಿನ ರಾವಣ ಎನ್.ಟಿ. ರಾಮರಾವ್. ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯ ಅಂಗಳದಿಂದ ಬಂದವರು.

ಇಲ್ಲಿ ಒಂದು ಕ್ರಮ ಕಾಣುತ್ತದೆ. ವಾಕ್ಚಿತ್ರ ಬಂದಾಗ ಅದರ ಕೈಯಲ್ಲಿ ಮೈಕ್ ಇತ್ತು, ಮಾತಾಡಬಲ್ಲ ನಟರಿರಲಿಲ್ಲ. ಮೂಕಿ ಚಿತ್ರದ ನಟರಿಗೆ ಮುಖವಿತ್ತು, ಕಂಠವಿರಲಿಲ್ಲ. ದೇವರ ಪಾತ್ರಕ್ಕೆ ಹೇಗೋ ಒಬ್ಬ ಸ್ಫುರದ್ರೂಪಿ ಸಿಕ್ಕಾನು, ನಗುನಗುತ್ತ ನಿಂತರೆ ಅರ್ಧ ಕೆಲಸ ಮುಗಿಯಿತು. ರಾವಣನಿಗೆ ಅದು ಸಾಲದು. ಅವನದು ಉದ್ದ ಮಾತು, ಏರುದನಿ, ಒಂದೇ ಉಸಿರಿನಲ್ಲಿ ಕೋಪದಿಂದ ವ್ಯಂಗ್ಯಕ್ಕೆ ತಿರುಗುವ ಕಸುಬು. ಆ ಕಸುಬು ಇದ್ದದ್ದು ಕಂಪನಿಗಳಲ್ಲಿ. 1987ರ ದೂರದರ್ಶನ ಇದೇ ಸ್ಥಿತಿಯಲ್ಲಿತ್ತೆಂದು ನನ್ನ ಎಣಿಕೆ. ಬಣ್ಣದ ಪ್ರಸಾರ ಬಂದು ಐದೇ ವರ್ಷ. ಪೌರಾಣಿಕವನ್ನು ವಾರವಾರ ನಡೆಸಿಕೊಂಡು ಹೋಗುವ ಅಭ್ಯಾಸ ಯಾರಿಗೂ ಇರಲಿಲ್ಲ. ಸಾಗರ್ ತಮ್ಮ ಲಂಕೆಗೆ ಕರೆತಂದವರಲ್ಲಿ ಗುಜರಾತಿ ನಟರು ಹಲವರು: ವಿಭೀಷಣನಾದ ಮುಕೇಶ್ ರಾವಲ್, ಕುಂಭಕರ್ಣನಾದ ನಳಿನ್ ದವೆ. ಚಿತ್ರೀಕರಣ ನಡೆದದ್ದು ಗುಜರಾತಿನ ಉಂಬರ್‌ಗಾಂವ್‌ನಲ್ಲಿ ಎಂಬುದೂ ಇದಕ್ಕೆ ಒಂದು ಕಾರಣವಿದ್ದೀತು.

ಧಾರಾವಾಹಿಯ ಲಂಕೆಯ ದೃಶ್ಯಗಳನ್ನು ಈಗ ನೋಡಿದರೆ ಅದು ಸಿನಿಮಾಕ್ಕಿಂತ ಸೀನರಿ ಕಟ್ಟಿದ ನಾಟಕಕ್ಕೆ ಹತ್ತಿರ. ಆಸ್ಥಾನ ನಮ್ಮೆದುರಿಗೆ ತೆರೆದುಕೊಂಡಿರುತ್ತದೆ. ನಡುವೆ ಸಿಂಹಾಸನ, ಎರಡೂ ಬದಿಗೆ ಮಂತ್ರಿಗಳ ಸಾಲು. ಒಬ್ಬರ ಮಾತು ಪೂರ್ತಿ ಮುಗಿದ ಮೇಲೆ ಇನ್ನೊಬ್ಬರ ಮಾತು. ಮಾತು ನಾಟಿದ ಮೇಲೆ ಕ್ಯಾಮೆರಾ ಒಬ್ಬೊಬ್ಬರ ಮುಖಕ್ಕೂ ಹೋಗಿ ಬರುತ್ತದೆ. ಸಿನಿಮಾದ ಕಣ್ಣಿಗೆ ಇದು ನಿಧಾನ. ರಂಗನಟನಿಗೆ ಮಾತ್ರ ಇದು ತವರು. ತ್ರಿವೇದಿ ನಡೆದು ಬರುವ ರೀತಿ, ಕೂರುವ ಮುನ್ನ ಒಂದು ಕ್ಷಣ ನಿಲ್ಲುವುದು, ನಗುವನ್ನು ತಡೆದು ಆಮೇಲೆ ಬಿಡುವುದು, ಇವೆಲ್ಲ ಹಿಂದಿನ ಸಾಲಿನವನಿಗೂ ಕಾಣಲೆಂದು ಕಲಿತ ಲೆಕ್ಕಾಚಾರ. ಸಾಮಾನ್ಯವಾಗಿ ಕ್ಯಾಮೆರಾದ ಮುಂದೆ ಇದು ‘ಓವರ್’ ಆಗುತ್ತದೆ. ಇಲ್ಲಿ ಇಡೀ ಧಾರಾವಾಹಿಯೇ ಆ ಅಳತೆಗೆ ಹೊಲಿದ ಅಂಗಿಯಾದ್ದರಿಂದ ಅವರೊಬ್ಬರಿಗೇ ಅದು ಸರಿಯಾಗಿ ಕೂತಿತು. ಅರುಣ್ ಗೋವಿಲ್ ಅವರ ರಾಮ ಕಡಿಮೆ ಚಲಿಸುತ್ತಾನೆ, ಕಡಿಮೆ ಮಾತಾಡುತ್ತಾನೆ, ಕ್ಯಾಲೆಂಡರಿನ ಚಿತ್ರದಂತೆ ನಿಲ್ಲುವುದೇ ಅವನ ಶಕ್ತಿ. ಹಾಗಾಗಿ ನಟನೆ ಎಂದು ನಾವು ಗುರುತಿಸುವುದೆಲ್ಲ ರಾವಣನ ಪಾಲಿಗೆ ಬಂತು.

ಇನ್ನು ಮಂಡಿಕಲ್ ಕಡೆಗೆ. ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಪೇರೇಸಂದ್ರಕ್ಕೆ ಸಮೀಪದ ಈ ಸೀಮೆಯಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಎನ್ನುವ ಮನೆಗಳು ಧಾರಾಳ. ಪಕ್ಕದ ಕೈವಾರದ ನಾರೇಯಣ ಯತೀಂದ್ರರು ಎರಡೂ ಭಾಷೆಗಳಲ್ಲಿ ಹಾಡಿದವರು. ಅದೇ ಕೈವಾರವನ್ನು ಜನ ಏಕಚಕ್ರಪುರವೆಂದು ನಂಬುತ್ತಾರೆ, ಅಲ್ಲಿನ ಬೆಟ್ಟಕ್ಕೆ ಬಕಾಸುರನ ನಂಟು ಹೇಳುತ್ತಾರೆ. ರಾಕ್ಷಸ ಇಲ್ಲಿ ಪುರಾಣದಲ್ಲಷ್ಟೇ ಇರುವವನಲ್ಲ, ಕಣ್ಣಿಗೆ ಕಾಣುವ ಗುಡ್ಡದಲ್ಲಿ ಅವನಿಗೆ ವಿಳಾಸವಿದೆ. ಊರಿನ ನಾಟಕಗಳೂ ಎರಡು ಭಾಷೆಯವು. ಆಂಧ್ರದ ಕಡೆಯಿಂದ ಬಂದ ಪದ್ಯನಾಟಕದ ರೂಢಿ, ತಿರುಪತಿ ವೆಂಕಟ ಕವಿಗಳ ‘ಪಾಂಡವೋದ್ಯೋಗ’ದ ದಾಟಿ ಒಂದು ಕಡೆ, ಹಳೇ ಮೈಸೂರಿನ ಕಂಪನಿ ಮಟ್ಟುಗಳು ಇನ್ನೊಂದು ಕಡೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿಸುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತವೆ. ಖರ್ಚನ್ನು ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಈ ದೊಡ್ಡ ಪಾತ್ರಗಳಲ್ಲಿ ದುರ್ಯೋಧನ, ರಾವಣರು ಮೇಲಿನ ಸಾಲಿನವರು. ಹಣ ಕೊಟ್ಟು ಕೇಡಿಗನಾಗಲು ಜನ ಪೈಪೋಟಿ ಮಾಡುವ ರಂಗಭೂಮಿ ಇದು. ‘ಕುರುಕ್ಷೇತ್ರ’ದ ಮಾರನೆಯ ದಿನ ಊರು ಚರ್ಚಿಸುವುದು ದುರ್ಯೋಧನ ಪದ್ಯ ಎತ್ತಿದ ಬಗೆಯನ್ನು. ಧರ್ಮರಾಯನಾಗಿದ್ದವನು ಯಾರೆಂದು ಅವನ ಮನೆಯವರಿಗೆ ನೆನಪಿದ್ದರೆ ಹೆಚ್ಚು.

ಈ ಪಾತ್ರಗಳಿಗೆ ವಯಸ್ಸೂ ಬೇಕು. ಇಪ್ಪತ್ತರ ಹುಡುಗನಿಗೆ ಅಭಿಮನ್ಯು, ಮೂವತ್ತರವನಿಗೆ ಅರ್ಜುನ. ರಾವಣನಿಗೆ ಹೊಟ್ಟೆಯಿಂದ ಬರುವ ದನಿ, ಕಿರೀಟ-ಭುಜಕೀರ್ತಿ ಹೊತ್ತರೂ ಕುಸಿಯದ ಹೆಗಲು, ಎದುರಾಳಿ ಮಾತಾಡುವಾಗ ಸುಮ್ಮನೆ ನಿಂತೇ ಸಭೆಯನ್ನು ಹಿಡಿದಿಡುವ ಧೈರ್ಯ ಬೇಕು. ಇವು ಬರುವುದು ನಲವತ್ತರ ಮೇಲೆ. ಊರಿನ ಲೆಕ್ಕದಲ್ಲಿ ತ್ರಿವೇದಿ ತಡವಾಗಿ ಬಂದವರೇ ಅಲ್ಲ, ಪಾತ್ರದ ವಯಸ್ಸಿಗೆ ಸರಿಯಾಗಿ ಬಂದವರು. ಗುಜರಾತಿ ಚಿತ್ರಗಳಲ್ಲಿ ನಾಯಕನ ಜಾಗ ಅವರ ಅಣ್ಣ ಉಪೇಂದ್ರ ತ್ರಿವೇದಿಯವರದಾಗಿತ್ತು. 1971ರ ‘ಜೇಸಲ್ ತೋರಲ್’ ಆ ಅಣ್ಣನನ್ನು ದೊಡ್ಡ ತಾರೆಯಾಗಿಸಿತು. ತಮ್ಮನಿಗೆ ಉಳಿದದ್ದು ಪಕ್ಕದ ಪಾತ್ರಗಳು. ಆ ಪಕ್ಕದ ವರ್ಷಗಳೇ ರಾವಣನಿಗೆ ಬೇಕಾದ ಗಡಸನ್ನು ಕೂಡಿಸಿಟ್ಟವೆಂದು ತೋರುತ್ತದೆ.

ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ‘ರಾಮಾಯಣ’ ಪ್ರಸಾರವಾದದ್ದು ಹಿಂದಿಯಲ್ಲಿ. ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರದಿದ್ದ ಕಾಲ ಅದು. ಡಬ್ಬಿಂಗ್‌ಗೆ ಕನ್ನಡದಲ್ಲಿ ಆಗಲೇ ದಶಕಗಳ ವಿರೋಧವಿತ್ತು, ಆ ಬೇಲಿ ಸಡಿಲವಾದದ್ದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ. ಹಾಗಾಗಿ ನಮ್ಮ ಹಳ್ಳಿಗಳು ತ್ರಿವೇದಿಯವರನ್ನು ಕೇಳಿದ್ದು ಅವರದೇ ಗಂಟಲಿನಲ್ಲಿ. ಹಿಂದಿ ಬಾರದವರಿಗೆ ಅದು ಅರ್ಥವಾದದ್ದು ಹೇಗೆ? ಕತೆ ಮೊದಲೇ ಗೊತ್ತಿತ್ತು ಎಂಬ ಉತ್ತರ ಅರ್ಧ ಸರಿ. ಉಳಿದರ್ಧ, ಸಾಗರ್ ಬಳಸಿದ ಹಿಂದಿಯ ಸ್ವರೂಪ. ಅದು ಬೀದಿಯ ಹಿಂದಿಯಲ್ಲ. ಆಜ್ಞೆ, ಅಪಮಾನ, ಪರಾಕ್ರಮ, ತಪಸ್ವಿ, ಸರ್ವನಾಶ ಇಂಥ ಸಂಸ್ಕೃತ ಪದಗಳಿಂದ ಕಟ್ಟಿದ ಮಾತು. ಕಂಪನಿ ನಾಟಕದ ಕನ್ನಡವೂ ಪದ್ಯನಾಟಕದ ತೆಲುಗೂ ಇದೇ ಪದಗಳಿಂದ ಕಟ್ಟಿದ್ದು. ರಾಮ-ಸೀತೆಯರ ಮೆಲುಮಾತಿನಲ್ಲಿ ಹಿಂದಿಯ ಸಣ್ಣ ಪದಗಳು, ವಿಭಕ್ತಿ ಪ್ರತ್ಯಯಗಳು ತೊಡಕಾಗಬಹುದು. ರಾವಣನ ಏರುದನಿಯಲ್ಲಿ ಕಿವಿಗೆ ಬಡಿಯುವುದು ನಾಮಪದಗಳೇ. ಆ ಧಾರಾವಾಹಿಯಲ್ಲಿ ಮಂಡಿಕಲ್ಲಿನ ಮುದುಕನಿಗೆ ಅತಿ ಹೆಚ್ಚು ತಿಳಿದ ಪಾತ್ರ ರಾವಣನದೇ ಎಂದು ನಾನು ಊಹಿಸುತ್ತೇನೆ. ಸಂಭಾಷಣೆಯನ್ನು ಪದಪದವಾಗಿ ಬಿಡಿಸಿ ನೋಡಿದರೆ ಈ ಊಹೆಗೆ ಬಲ ಬರುತ್ತದೆ.

ಈ ಸೀಮೆಯವರ ಕಣ್ಣಿನಲ್ಲಿ ಮೊದಲೇ ನಿಂತಿದ್ದ ರಾವಣರು ಇನ್ನೂ ಇದ್ದರು. ಮೂಡಲಪಾಯದಲ್ಲಿ ರಾಕ್ಷಸ ಪಾತ್ರ ತೆರೆಯ ಹಿಂದೆ ಅಬ್ಬರಿಸಿ, ಸಾರಥಿಯ ಪ್ರಶ್ನೆಗಳಿಗೆ ತನ್ನ ಬಿರುದಾವಳಿ ಹೇಳಿಕೊಂಡೇ ಮುಂದೆ ಬರಬೇಕು. ತೊಗಲುಗೊಂಬೆಯಾಟದಲ್ಲಿ ರಾವಣನದು ಎದ್ದು ಕಾಣುವ ದೊಡ್ಡ ಗೊಂಬೆ. ಎಂ.ಎಸ್. ನಂಜುಂಡರಾಯರು ಕೂಡಿಸಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಟ್ಟ ಗೊಂಬೆಗಳ ಮುಂದೆ ನಿಂತರೆ ಆ ಗಾತ್ರದ ಅರ್ಥ ತಿಳಿಯುತ್ತದೆ. ಗಡಿಯ ಟೆಂಟುಗಳಿಗೆ ಬರುತ್ತಿದ್ದ ತೆಲುಗು ಚಿತ್ರಗಳಲ್ಲಿ ಎನ್.ಟಿ. ರಾಮರಾವ್ 1961ರ ‘ಸೀತಾರಾಮ ಕಲ್ಯಾಣಂ’ ಅನ್ನು ತಾವೇ ನಿರ್ದೇಶಿಸಿ, ರಾಮನ ವೇಷ ಬೇರೆಯವರಿಗೆ ಬಿಟ್ಟು ರಾವಣನಾದರು. ಎಸ್.ವಿ. ರಂಗರಾವ್ ಬಾಪು ಅವರ ‘ಸಂಪೂರ್ಣ ರಾಮಾಯಣಂ’ನಲ್ಲಿ ರಾವಣನಾದರು. ಬೆಂಗಳೂರಿನ ಕಡೆ ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ‘ಪ್ರಚಂಡ ರಾವಣ’ ನಾಟಕವೇ ವಜ್ರಮುನಿಯವರಿಗೆ ಸಿನಿಮಾದ ದಾರಿ ತೆರೆಯಿತು. ಓದುವ ವರ್ಗಕ್ಕೆ ನಾಗಚಂದ್ರನ ರಾಮಾಯಣವಿತ್ತು. ಅದರ ರಾವಣನಲ್ಲಿ ಬಿ.ಎಂ.ಶ್ರೀ. ದುರಂತ ನಾಯಕನನ್ನು ಕಂಡರು. ಕುವೆಂಪು ಅವರ ದರ್ಶನದಲ್ಲಿ ಅವನಿಗೂ ಉದ್ಧಾರವಿದೆ. ಹೀಗೆ ಭಯ, ಭಕ್ತಿ, ಮರುಕ ಮೂರನ್ನೂ ಒಟ್ಟಿಗೆ ಹೊರಬಲ್ಲ ರಾವಣನನ್ನು ನೋಡಿ ಪಳಗಿದ ಕಣ್ಣು ಇಲ್ಲಿನದು. ತ್ರಿವೇದಿಯವರ ಶಿವಭಕ್ತ ರಾವಣ ಈ ಕಣ್ಣಿಗೆ ಹೊಸಬನಾಗಬೇಕಾದ್ದಿಲ್ಲ.

ರಂಗನಟನೊಬ್ಬ ತಡವಾಗಿ, ಕೇಡಿನ ಪಾತ್ರದಿಂದ ಕಿರುತೆರೆಯಲ್ಲಿ ಹೆಸರಾಗುವುದು ಭಾರತಕ್ಕಷ್ಟೇ ಸೇರಿದ ಸಂಗತಿಯೂ ಅಲ್ಲ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜೂನ್‌ನಿಂದ 1971ರ ಏಪ್ರಿಲ್‌ವರೆಗೆ ‘ಡಾರ್ಕ್ ಶ್ಯಾಡೋಸ್’ ಎಂಬ ದಿನವಹಿ ಧಾರಾವಾಹಿ ನಡೆಯಿತು. ಅದು ಸೊರಗುತ್ತಿದ್ದಾಗ, 1967ರ ಏಪ್ರಿಲ್‌ನಲ್ಲಿ, ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಶಾಚಿಯನ್ನು ಕೆಲವು ವಾರಗಳ ಮಟ್ಟಿಗೆಂದು ತಂದರು. ಪಾತ್ರ ಸಿಕ್ಕಿದ್ದು ಕೆನಡಾದ ಹ್ಯಾಮಿಲ್ಟನ್‌ನ ಜಾನಥನ್ ಫ್ರಿಡ್ ಅವರಿಗೆ. ಲಂಡನ್ನಿನಲ್ಲಿ ನಟನೆ ಕಲಿತು, ಯೇಲ್‌ನಲ್ಲಿ ನಿರ್ದೇಶನದ ಪದವಿ ಪಡೆದು, ವರ್ಷಗಟ್ಟಲೆ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಸುತ್ತಿದ ಅವರಿಗೆ ಆಗ ನಲವತ್ತೆರಡು. ರಂಗಭೂಮಿ ಸಾಕೆಂದು ಪಾಠ ಹೇಳುವ ಕೆಲಸಕ್ಕೆ ಹೊರಡುವ ಯೋಚನೆಯಲ್ಲಿದ್ದವರು. ಕೆಲವು ವಾರಗಳ ಪಿಶಾಚಿ ಧಾರಾವಾಹಿಯ ಕೊನೆಯ ತಿಂಗಳುಗಳವರೆಗೂ ಉಳಿಯಿತು, ಕೇಡಿಗನಾಗಿ ಬಂದವನು ನಾಯಕನಾದ. ಆದರೆ ಒಂದು ವ್ಯತ್ಯಾಸವಿದೆ, ಅದು ನನಗೆ ಮುಖ್ಯವೆನಿಸುತ್ತದೆ. ಅಲ್ಲಿ ಚಿತ್ರೀಕರಣ ಓಡುನಡಿಗೆಯದು, ತಪ್ಪಿದರೂ ಮತ್ತೆ ತೆಗೆಯುವುದು ಅಪರೂಪ. ಫ್ರಿಡ್ ಮಾತು ಮರೆತು ತಡವರಿಸುತ್ತಿದ್ದರು. ಆ ಅಳುಕೇ ಪಿಶಾಚಿಗೆ ಒಂದು ಒಳಸಂಕಟವನ್ನು ತಂದುಕೊಟ್ಟಿತು, ನೋಡುವವರು ಮರುಗಿದರು. ತ್ರಿವೇದಿಯವರ ರಾವಣ ತಡವರಿಸುವುದೇ ಇಲ್ಲ. ಮರುಕ ಹುಟ್ಟುವುದು ಅವನ ತುಂಬು ಭರವಸೆಯಿಂದ, ಮಕ್ಕಳು ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರೂ ದನಿ ಇಳಿಸದ ಹಟದಿಂದ. ಒಬ್ಬರಿಗೆ ಕೈಕೊಟ್ಟ ಕಸುಬು ಒದಗಿತು, ಇನ್ನೊಬ್ಬರಿಗೆ ಕೈಹಿಡಿದ ಕಸುಬು.

ಕೀರ್ತಿಯ ಆನಂತರದ ಲೆಕ್ಕ ಚಿಕ್ಕದು. 1991ರ ಲೋಕಸಭಾ ಚುನಾವಣೆಯಲ್ಲಿ ತ್ರಿವೇದಿ ಗುಜರಾತಿನ ಸಾಬರ್‌ಕಾಂಠಾದಿಂದ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ಗೆದ್ದರು. ಅದೇ ಚುನಾವಣೆಯಲ್ಲಿ ಸೀತೆಯಾಗಿದ್ದ ದೀಪಿಕಾ ಚಿಖಲಿಯಾ ವಡೋದರದಿಂದ ಅದೇ ಪಕ್ಷದಿಂದ ಗೆದ್ದರು. ಸೀತೆಗೆ ಮತ ಬೀಳುವುದು ಅಚ್ಚರಿಯಲ್ಲ. ರಾಮಜನ್ಮಭೂಮಿಯ ಹೆಸರಿನಲ್ಲಿ ಕಾವೇರಿದ್ದ ಆ ಚುನಾವಣೆಯಲ್ಲಿ ರಾವಣನಿಗೂ ಬಿದ್ದವು. ಪಾತ್ರ ಬೇರೆ ಪಾತ್ರಧಾರಿ ಬೇರೆ ಎಂಬ ಅರಿವು ನೋಡುಗರಿಗಿಲ್ಲ ಎಂದು ಬರೆದ ಪತ್ರಿಕಾ ಪಂಡಿತರು ಈ ಫಲಿತಾಂಶವನ್ನು ಗಮನಿಸಬೇಕಿತ್ತು. 2002ರಲ್ಲಿ ಅವರು ಕೇಂದ್ರ ಸೆನ್ಸಾರ್ ಮಂಡಳಿಯ ಹಂಗಾಮಿ ಅಧ್ಯಕ್ಷರೂ ಆದರು. ನಟನಾಗಿ ರಾವಣನನ್ನು ದಾಟುವ ಪಾತ್ರ ಮಾತ್ರ ಮತ್ತೆ ಬರಲಿಲ್ಲ. ಕೋವಿಡ್ ಲಾಕ್‌ಡೌನಿನ ದಿನಗಳಲ್ಲಿ, 2020ರ ಮಾರ್ಚ್ 28ರಿಂದ, ದೂರದರ್ಶನ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದೂ ಅದು ವಿಶ್ವದಾಖಲೆಯೆಂದೂ ಸಾರಿತು. ಆ ದಾಖಲೆಯ ಮಾತನ್ನು ಹಾಗೇ ಎತ್ತಿ ಬರೆಯುವುದು ಬೇಡ. 1983ರಲ್ಲಿ ಅಮೆರಿಕದ ‘ಮ್ಯಾಶ್’ ಧಾರಾವಾಹಿಯ ಕೊನೆಯ ಕಂತಿಗೆ ಹತ್ತು ಕೋಟಿಗೂ ಮೀರಿ ನೋಡುಗರಿದ್ದರು. ಆ ಮರುಪ್ರಸಾರದ ಹೊತ್ತಿನಲ್ಲಿ, ಎಂಬತ್ತೊಂದರ ತ್ರಿವೇದಿ ಮನೆಯ ಟಿ.ವಿ.ಯಲ್ಲಿ ತಾವೇ ಸೀತೆಯನ್ನು ಹೊತ್ತೊಯ್ಯುವ ದೃಶ್ಯ ನೋಡುತ್ತ ಕೈಮುಗಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಮರುವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಅವರ ನಂತರದ ಟಿ.ವಿ. ರಾವಣರ ಸಾಲನ್ನು ನೋಡಿದರೆ ರಾವಣನನ್ನು ರಂಗಭೂಮಿಯಿಂದ ತರುವ ಕ್ರಮ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ. 2008ರಲ್ಲಿ ಸಾಗರ್ ಕುಟುಂಬದವರೇ ಖಾಸಗಿ ವಾಹಿನಿಗೆ ‘ರಾಮಾಯಣ’ವನ್ನು ಮತ್ತೆ ತೆಗೆದಾಗ ರಾವಣನಾದವರು ಅಖಿಲೇಂದ್ರ ಮಿಶ್ರ. ಅವರೂ ರಂಗಭೂಮಿಯವರು, ‘ಚಂದ್ರಕಾಂತಾ’ದ ಕ್ರೂರಸಿಂಹನಾಗಿ ಕೇಡಿನ ಪಾತ್ರದಲ್ಲೇ ಹೆಸರಾದವರು, ನಲವತ್ತು ದಾಟಿದವರು. ಅಲ್ಲಿಗೆ ಸರಣಿ ಮುರಿಯಿತು. 2015ರಲ್ಲಿ ಸ್ಟಾರ್ ಪ್ಲಸ್‌ನ ‘ಸಿಯಾ ಕೆ ರಾಮ್’ ತನ್ನ ರಾವಣನನ್ನು ನಾಟಕದ ಮನೆಯಲ್ಲಿ ಹುಡುಕಲಿಲ್ಲ. ಆ ಹೊತ್ತಿಗೆ ಕಿರುತೆರೆಗೆ ತನ್ನದೇ ನಟರಿದ್ದರು, ಅಳತೆಯೂ ಬದಲಾಗಿತ್ತು: ಗಂಟಲಿಗಿಂತ ಮೈಕಟ್ಟು, ಆಸ್ಥಾನದ ಉದ್ದ ಮಾತಿಗಿಂತ ಹತ್ತಿರದ ಮುಖ. ಅವರು ಆರಿಸಿಕೊಂಡದ್ದು ‘ಅಶ್ವಿನಿ ನಕ್ಷತ್ರ’ ಧಾರಾವಾಹಿಯ ನಾಯಕನಾಗಿ ಕನ್ನಡದ ಮನೆಮನೆಗೂ ಗೊತ್ತಿದ್ದ ಕಾರ್ತಿಕ್ ಜಯರಾಮ್ ಅವರನ್ನು. 1940ರಲ್ಲಿ ಸುಬ್ಬಯ್ಯ ನಾಯ್ಡು ತೆಲುಗು ಲಂಕೆಗೆ ಹೋದಂತೆ ಕನ್ನಡದ ನಟನೊಬ್ಬ ಹಿಂದಿಯ ಲಂಕೆಗೆ ಹೋದದ್ದು ಹೀಗೆ. ಈ ಸಲ ಕಂಪನಿಯ ದಾರಿ ಹಿಡಿದಲ್ಲ, ಸಂಜೆಯ ಧಾರಾವಾಹಿಯ ದಾರಿ ಹಿಡಿದು.